ಎರಡು ಹೊಲ, ಒಂದೇ ಇದ್ದಿಲು

ಹತ್ತಿ ಬಿಡಿಸಿದ ಮೇಲೆ ಉಳಿದ ಕಟ್ಟಿಗೆಯನ್ನು ನಾವು ಹೊಲದಲ್ಲೇ ಸುಡುತ್ತಿದ್ದೆವು. ಎರಡು ವರ್ಷದ ಹಿಂದೆ ಒಂದು ಕಂಪನಿಯ ಮನುಷ್ಯ ದೊಡವಾಡದ ನಮ್ಮ ಹೊಲಕ್ಕೆ ಬಂದು, ಸುಡಬೇಡಿ ಎಂದ. ಗಾಳಿಯಾಡದ ಕಬ್ಬಿಣದ ಡ್ರಮ್ಮಿನಲ್ಲಿ ಅದನ್ನು ಇದ್ದಿಲು ಮಾಡಿ ಮಣ್ಣಿಗೆ ಬೆರೆಸಿದರೆ, ಗಿಡ ಗಾಳಿಯಿಂದ ಹೀರಿದ ಇಂಗಾಲ ನೂರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದಂತೆ. ಹೊಗೆ ಬಿಡುವ ದೊಡ್ಡ ಕಾರ್ಖಾನೆಗಳು ತಮ್ಮ ಹೊಗೆಗೆ ಬದಲಾಗಿ ಇದಕ್ಕೆ ಹಣ ಹಾಕುತ್ತವಂತೆ, ಸರ್ಕಾರದ ಬೆಂಬಲವೂ ಇದೆಯಂತೆ.

"ಇದ್ದಿಲು ನಮ್ಮ ಹೊಲದಾಗ ಇರತೈತಿ, ರೊಕ್ಕ ಹಾಕವ್ರು ಎಲ್ಲೋ ಇರತಾರ. ಇಲ್ಲಿ ಐತೋ ಇಲ್ಲೋ ಅಂತ ಅವರಿಗೆ ಹೆಂಗ ಗೊತ್ತಾಗತೈತ್ರಿ?" ಎಂದು ಕೇಳಿದೆ.

"ಫೋಟೊ ಕಳಸತೇವ್ರೀ ಅಕ್ಕಾರ," ಎಂದ.

ನನ್ನ ಗಂಡ ಒಪ್ಪಿಬಿಟ್ಟರು. ನನಗೆ ಮಾತ್ರ ಆ ಉತ್ತರ ಗಂಟಲಿಗಿಳಿಯಲಿಲ್ಲ. ಆತ ಡ್ರಮ್ಮು ತಂದು ನಮ್ಮ ಕಟ್ಟಿಗೆಯನ್ನೆಲ್ಲ ಇದ್ದಿಲು ಮಾಡಿಸಿದ. ಅದನ್ನು ತುಂಬಲು ಮನೆಯ ಹಳೆಯ ಗೊಬ್ಬರದ ಚೀಲಗಳನ್ನು ಕೊಟ್ಟೆ. ಹರಿದಲ್ಲೆಲ್ಲ ನನ್ನ ಹಸಿರು ಸೀರೆಯ ತುಂಡು ಹಾಕಿ ಹೊಲಿದ ಚೀಲಗಳವು. ಚೀಲಗಳ ಪಕ್ಕ ನನ್ನ ಗಂಡನನ್ನು ನಿಲ್ಲಿಸಿ ಆತ ಫೋಟೊ ತೆಗೆದ. ಮರುದಿನ ಹೋದರೆ ಚೀಲಗಳೇ ಇಲ್ಲ. ಪುಡಿ ಮಾಡಲು ಒಯ್ದಿದ್ದೇವೆ, ತಂದು ಹರಡುತ್ತೇವೆ ಎಂದು ಫೋನಿನಲ್ಲಿ ಹೇಳಿದ.

ಅದೇ ವಾರ ಮುನವಳ್ಳಿಗೆ ತಂಗಿಯ ಮನೆಗೆ ಹೋದೆ. ಅವಳ ಹೊಲದ ಬದುವಿನ ಮೇಲೆ ನನ್ನ ಚೀಲಗಳು ಸಾಲಾಗಿ ನಿಂತಿದ್ದವು. ನನ್ನದೇ ಹೊಲಿಗೆ, ನನ್ನದೇ ಸೀರೆ.

"ಕಂಪನಿಯವ್ರು ಮುಂಜಾನೆ ಚೀಲ ಇಳಿಸಿ ಫೋಟೊ ತಕ್ಕೊಂಡ ಹೋದ್ರು ಯಕ್ಕಾ," ಎಂದಳು ತಂಗಿ.

ಆ ಮನುಷ್ಯನಿಗೆ ಫೋನು ಮಾಡಿ, ನೀನು ಬರುವವರೆಗೆ ಚೀಲದ ಮೇಲೆಯೇ ಕೂತಿರುತ್ತೇನೆ ಎಂದೆ. ಮಧ್ಯಾಹ್ನ ಬಂದ. ಮುಖ ಬಾಡಿತ್ತು.

"ಮ್ಯಾಲಿನವರು ಫೋಟೊ ಅಷ್ಟ ನೋಡತಾರ್ರೀ. ಊರಿಗೊಂದು ಡ್ರಮ್ ಕೊಡತೇವಂದ್ರು, ಎಲ್ಲಾ ಊರಿಗೂ ಕೂಡಿ ಕೊಟ್ಟಿದ್ದು ಒಂದ. ಆದ್ರ ಊರು ಮಾತ್ರ ಹೆಚ್ಚ ತೋರಸು ಅಂತಾರ. ನಾನರ ಏನ ಮಾಡ್ಲಿ?"

ಪಾಪ ಅನ್ನಿಸಿತು. ಆದರೂ ಅವನನ್ನು ನಂಬಿ ಎದ್ದು ಹೋಗಲಿಲ್ಲ. ತಂಗಿಯ ಹೊಲಕ್ಕೂ ಇರಲಿ ಎಂದು ಅರ್ಧ ಚೀಲಗಳನ್ನು ಅಲ್ಲೇ ಸುರಿಸಿ, ಸಗಣಿ ಗೊಬ್ಬರದ ಜೊತೆ ನನ್ನ ಕಣ್ಣೆದುರಿಗೇ ಮಣ್ಣಿಗೆ ಬೆರೆಸಲು ಹಚ್ಚಿದೆ. ಉಳಿದವನ್ನು ಟಂಟಂ ಗಾಡಿಯಲ್ಲಿ ಹೇರಿಸಿಕೊಂಡು ಊರಿಗೆ ತಂದು, ನಮ್ಮ ಹೊಲದಲ್ಲೂ ಹಾಗೆಯೇ ಮಾಡಿದೆವು.

ಸ್ವಲ್ಪ ದಿನಗಳ ಮೇಲೆ ಹಣ ಹಾಕಿದವರ ಕಡೆಯಿಂದ ತಪಾಸಣೆಗೆಂದು ಒಬ್ಬ ಹೆಣ್ಣುಮಗಳು ಬಂದಳು. ನಡೆದದ್ದೆಲ್ಲ ಹೇಳಿದೆ. ಬರೆದುಕೊಂಡು, ಸಹಿ ಮಾಡಿ ಎಂದು ಇಂಗ್ಲಿಷ್ ಹಾಳೆ ಮುಂದಿಟ್ಟಳು.

"ಮೊದಲ ಕನ್ನಡದಾಗ ಓದಿ ಹೇಳ್ರಿ," ಎಂದೆ.

ಸಾಲು ಸಾಲಾಗಿ ಓದಿ ಹೇಳಿದಳು. ಚೀಲದ ಸಂಗತಿ ಅದರಲ್ಲಿದೆ ಎಂದು ಖಾತ್ರಿಯಾದ ಮೇಲೆ ಸಹಿ ಹಾಕಿದೆ.

ಆಮೇಲೆ ಕಂಪನಿಯವರು ಇತ್ತ ಸುಳಿಯಲಿಲ್ಲ. ಡ್ರಮ್ಮೂ ಹೋಯಿತು. ಇದ್ದಿಲು ಬಿದ್ದ ಕಡೆ ಈ ಸಲ ಜೋಳ ಚೆನ್ನಾಗಿ ಬಂದಿದೆ ಎಂದು ನನ್ನ ಗಂಡ ಹೇಳುತ್ತಾರೆ. ಗೊಬ್ಬರದಿಂದಲೂ ಇರಬಹುದು.