ಲ್ಯಾಪ್‌ಟಾಪಿಗೆ ವಯಸ್ಸಾಯಿತಂತೆ

ನಮ್ಮ ಲ್ಯಾಪ್‌ಟಾಪಿಗೆ ವಯಸ್ಸಾಯಿತು ಅಂತ ಈಚೆಗೆ ಮೂರು ಜನ ಹೇಳಿದರು. ಮೂವರೂ ಹಾಗೆ ಹೇಳುವಾಗ ನೋಡಿದ್ದು ನನ್ನ ಮುಖ.

ನಲವತ್ತೊಂಬತ್ತು ವರ್ಷದ ಹೆಂಗಸು ಇದನ್ನು ಹೇಗೆ ತಗೊಳ್ಳಬೇಕು, ನೀವೇ ಹೇಳಿ.

ಈ ಅಂಕಣವನ್ನು ನಾನು ಇಷ್ಟು ವರ್ಷ ಕೈಯಲ್ಲೇ ಬರೆದು ತಿರುಪ್ಪೂರಿನಿಂದ ಪೋಸ್ಟ್ ಮಾಡುತ್ತಿದ್ದದ್ದು ನಿಮಗೆ ಗೊತ್ತು. ಈ ವರ್ಷ ಸಂಪಾದಕರು, ‘ಮೇಡಂ, ಇನ್ನು ಟೈಪ್ ಮಾಡಿ ಇಮೇಲ್ ಮಾಡಿಬಿಡಿ’ ಅಂದರು. ನಮ್ಮ ಯಜಮಾನರು ಬನಿಯನ್ ಬಟ್ಟೆ ಹೆಣೆಯುವ ಮೆಷಿನ್‌ಗಳನ್ನು ರಿಪೇರಿ ಮಾಡುವವರು. ಯಾವುದೋ ನಿಟ್ಟಿಂಗ್ ಆಫೀಸಿನಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಮಾರುತ್ತಿದ್ದರಂತೆ, ತಂದುಬಿಟ್ಟರು. ‘ಒಬ್ಬರೇ ಬಳಸಿದ್ದು. ಒಂದು ಗೀರಿದ್ದರೆ ತೋರಿಸು’ ಅಂತ ಸವಾಲು ಬೇರೆ.

ಗೀರು ನಿಜಕ್ಕೂ ಇರಲಿಲ್ಲ. ಇದ್ದದ್ದು ಎರಡೇ ತೊಂದರೆ. ಸ್ಕ್ರೀನ್ ಮಬ್ಬು, ಒಗೆಯದ ಸೊಳ್ಳೆಪರದೆಯೊಳಗಿಂದ ಹೊರಗೆ ನೋಡಿದ ಹಾಗೆ. ಸೌಂಡು ಕಮ್ಮಿ, ರಗ್ಗು ಹೊದ್ದುಕೊಂಡು ಯಾರೋ ಮಾತಾಡಿದ ಹಾಗೆ.

ನನಗೇನೂ ಅದು ದೊಡ್ಡ ಕಷ್ಟ ಅನ್ನಿಸಲಿಲ್ಲ. ಬರೆಯುವುದಕ್ಕೆ ಸೌಂಡು ಯಾಕೆ? ಮಬ್ಬಾದರೆ ಹತ್ತಿರ ಕೂತರಾಯಿತು. ಅಡುಗೆಮನೆಯ ನಲವತ್ತು ಕ್ಯಾಂಡಲ್ ಬಲ್ಬಿನಲ್ಲಿ ಇಪ್ಪತ್ತು ವರ್ಷ ಅಕ್ಕಿ ಆರಿಸಿದವಳು ನಾನು.

ಕಷ್ಟ ಶುರುವಾದದ್ದು ರಂಗಕ್ಕ ಕಲಿಯುತ್ತೀನಿ ಅಂದಾಗ.

ರಂಗಕ್ಕ ನಮ್ಮ ಮನೆ ಓನರ್. ಅವರು ಕೆಳಗೆ, ನಾವು ಮೇಲೆ. ಧಾರಾಪುರಂ ಕಡೆಯ ಬೇಸಾಯದ ಮನೆತನ, ಎಷ್ಟೋ ತಲೆಮಾರಿನಿಂದ ಈ ಸೀಮೆಯವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದಿದ್ದು ತಮಿಳಿನಲ್ಲಿ, ಐದನೇ ಕ್ಲಾಸು. ಕನ್ನಡದ ಒಂದು ಅಕ್ಷರವೂ ಬಾರದು. ವಯಸ್ಸು ಅರವತ್ತರ ಹತ್ತಿರ. ಕಂಪನಿಯಿಂದ ಬನಿಯನ್ ಬಂಡಲ್ ಬರುತ್ತದೆ. ದಿನವಿಡೀ ಜಗುಲಿಯಲ್ಲಿ ಕೂತು ನೂಲಿನ ತುದಿ ಕತ್ತರಿಸಿ, ಸೂಜಿಮೊನೆಯಷ್ಟು ತೂತಿದ್ದರೂ ಹಿಡಿದು, ಒಳ್ಳೆಯದನ್ನು ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕುತ್ತಾರೆ. ನನ್ನನ್ನು ಕರೆಯುವುದು ‘ಅಮ್ಮಿಣಿ’ ಅಂತ. (ಈ ಕಡೆ ಮಗಳಂಥವರನ್ನು, ತಂಗಿಯಂಥವರನ್ನು ಹಾಗೆ ಕರೆಯುತ್ತಾರೆ. ಕೇಳಿದರೆ ಹತ್ತು ವರ್ಷ ಚಿಕ್ಕವಳಾದ ಹಾಗಾಗುತ್ತದೆ.)

ಒಂದು ದಿನ ಮೆಟ್ಟಿಲು ಹತ್ತಿ ಬಂದು ಕೂತರು.

‘ಅಮ್ಮಿಣಿ, ನೀ ಪೇಪರ್‌ನಲ್ಲಿ ನಮ್ ಬೀದಿ ಬಗ್ಗೆ ಬರೀತೀಯಂತೆ. ತಂಬಿ ಹೇಳ್ತು.’

ತಂಬಿ ಅಂದರೆ ನಮ್ಮ ಯಜಮಾನರು. ಮನೆಯ ಗುಟ್ಟು ಹೊರಗೆ ಹೋಗಲು ಬೇರೆ ದಾರಿ ಇಲ್ಲ.

‘ಆಗಾಗ, ಅಕ್ಕ’ ಅಂದೆ.

‘ನನ್ ಬಗ್ಗೆ?’

‘ಅದೂ... ಒಂದೆರಡು ಸಲ. ಓದಿ ಹೇಳಲಾ?’

‘ಬೇಡ. ನೀ ಓದಿದ್ರೆ ಬೇಕಾದ್ದು ಓದ್ತೀಯ, ಬೇಡಾದ್ದು ಬುಡ್ತೀಯ. ನಾನೇ ಓದ್ಬೇಕು. ಕಲಿಸು.’

ನನಗೆ ತಟ್ಟನೆ ನೆನಪಾದದ್ದು ಮೋಟಾರು. ಹಳೆಯ ಓದುಗರಿಗೆ ನೆನಪಿರಬಹುದು, ಎರಡು ವರ್ಷದ ಹಿಂದೆ ನೀರಿನ ಮೋಟಾರಿನ ಬಗ್ಗೆ ಬರೆದಿದ್ದೆ. ಓನರಮ್ಮ ಜಗುಲಿಯಲ್ಲಿ ಕೂತೇ, ಪೈಪಿನೊಳಗಿನ ಸದ್ದು ಕೇಳಿ ಟ್ಯಾಂಕ್ ಮುಕ್ಕಾಲು ತುಂಬಿತು ಅಂತ ಕಂಡುಹಿಡಿದು ಪಟ್ಟನೆ ಸ್ವಿಚ್ ಆರಿಸುವ ಕಥೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ‘ಕಾವೇರಿಯೇ ಇವರ ಸಂಪಿಗೆ ಬಂದು ಬಿದ್ದರೂ ಬಾಡಿಗೆಯವರಿಗೆ ಬಿಡುವುದು ಮುಕ್ಕಾಲು ಟ್ಯಾಂಕೇ’ ಅಂತ ಒಂದು ಸಾಲು ಸೇರಿಸಿದ್ದೆ. ಇಲ್ಲಿ ಯಾರು ಕನ್ನಡ ಓದುತ್ತಾರೆ ಅನ್ನುವ ಧೈರ್ಯ.

ಆದರೆ ಇಲ್ಲ ಅನ್ನಲಾಗಲಿಲ್ಲ. ಯಾಕೆಂದರೆ ಅವರು ಆಮೇಲೆ ಇನ್ನೊಂದು ಮಾತು ಹೇಳಿದರು. ‘ನಮ್ಮವ್ವ ಹೇಳ್ತಿತ್ತು, ನಮ್ ಮನೆ ಮಾತ್ಗೆ ಅಕ್ಷರ ಇಲ್ಲೆ, ಬಾಯಲ್ಲಿ ಮಾತ್ರಾ ಇರೋದು ಅಂತ. ನಾನೂ ಹಂಗೇ ನಂಬಿದ್ದೆ. ನಿನ್ ಪೇಪರ್ ನೋಡಿದ್ ಮ್ಯಾಲೇ ತಿಳಿದದ್ದು, ಇದೆ ಅಂತ.’

ಇದಾದ ಮೇಲೆ ಮೋಟಾರು ನೆನೆದುಕೊಂಡು ಕೂರುವುದು ಹೇಗೆ?

ಸ್ಲೇಟು, ಬಳಪ ಸಾಲದೇ ಅಂತೀರಾ? ನಾನೂ ಅದನ್ನೇ ಅಂದೆ. ‘ಮೊಮ್ಮಕ್ಕಳು ಸ್ಲೇಟು ಬಿಟ್ಟು ವರ್ಷವಾಯ್ತು, ನಾ ಹಿಡಿದ್ರೆ ಬೀದಿಯೇ ನಗುತ್ತೆ’ ಅಂದರು. ಲ್ಯಾಪ್‌ಟಾಪ್ ಆದರೆ ಕಂಪ್ಯೂಟರ್ ಕ್ಲಾಸು, ಗೌರವ. ಸರಿ, ಮಕ್ಕಳ ವರ್ಣಮಾಲೆಯ ಸಿಡಿಯೊಂದನ್ನು ಊರಿನಿಂದ ತರಿಸಿದೆ. ಪರದೆಯ ಮೇಲೆ ಅಕ್ಷರ ಬರುತ್ತದೆ, ಪುಟ್ಟ ಹುಡುಗಿಯೊಬ್ಬಳು ಅದನ್ನು ಹೇಳುತ್ತಾಳೆ. ಎಂಥ ಸುಲಭ!

ರಂಗಕ್ಕನಿಗೆ ಅಕ್ಷರ ಕಾಣಲಿಲ್ಲ. ಹುಡುಗಿ ಕೇಳಿಸಲಿಲ್ಲ.

ಅ ಆ ಇ ಈ ಹೇಗೋ ದಾಟಿದೆವು, ದಪ್ಪ ಅಕ್ಷರಗಳು. ದ, ಧ ಹತ್ತಿರ ಗಾಡಿ ನಿಂತಿತು. ತಮ್ಮ ಊರಿನ ಹೆಸರಿನಲ್ಲೇ ಇರುವ ಅಕ್ಷರ ಅಂತ ಅವರಿಗೆ ಅದರ ಮೇಲೆ ಆಸೆ. ‘ಹೊಟ್ಟೆ ಸೀಳಿದ್ದು ಧ, ಅಕ್ಕ’ ಅಂತ ನಾನು ಹೇಳುವುದು, ‘ಎಲ್ಲಿ ಸೀಳಿದೆ?’ ಅಂತ ಅವರು ಬಗ್ಗಿ ಬಗ್ಗಿ ನೋಡುವುದು. ಆ ಮಬ್ಬಿನಲ್ಲಿ ಎರಡೂ ಒಂದೇ. ಹುಡುಗಿಯ ಬಾಯಲ್ಲೂ ಎರಡೂ ಒಂದೇ.

ಐದನೇ ದಿನ ರಂಗಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ‘ಬುಡು ಅಮ್ಮಿಣಿ. ನನ್ ತಲೆಯೊಳಗೆ ಇನ್ನು ಏನೂ ಇಳಿಯಲ್ಲ. ವಯ್ಸಾಯ್ತು.’

ಆರನೇ ದಿನ ಬರಲಿಲ್ಲ. ಏಳನೇ ದಿನವೂ ಇಲ್ಲ.

ನಿಜ ಹೇಳಿಬಿಡುತ್ತೇನೆ. ನನಗೆ ಬೇಜಾರಾಯಿತು. ಹಾಗೆಯೇ ಒಂದು ಮೂಲೆಯಲ್ಲಿ ನಿರಾಳವೂ ಆಯಿತು. (ಮೋಟಾರು!) ಆ ನಿರಾಳಕ್ಕೆ ನಾಚಿಕೆಯಾಗಿ, ಲ್ಯಾಪ್‌ಟಾಪ್ ರಿಪೇರಿ ಮಾಡಿಸಲೇಬೇಕು ಅಂತ ಹೊರಟೆ.

ಮೊದಲು ನಾವೇ. ಬೆಳಕು ಹೆಚ್ಚಿಸುವ ಕೀ ಒತ್ತಿದೆವು, ಅದಾಗಲೇ ತುತ್ತತುದಿಯಲ್ಲಿತ್ತು. ಸೌಂಡಿನ ಗೆರೆಯೂ ತುದಿಯಲ್ಲೇ. ‘ಮಧ್ಯಾಹ್ನ ಕರೆಂಟ್ ಕಟ್ ಆದಾಗ ಬ್ಯಾಟರಿಯಲ್ಲಿ ಓಡುತ್ತೆ, ಅದಕ್ಕೇ ಮಬ್ಬು’ ಅಂದರು ಯಜಮಾನರು. ಕರೆಂಟ್ ಬಂದ ಮೇಲೆ ನೋಡಿದೆವು. ಆಗಲೂ ಮಬ್ಬೇ, ಜೊತೆಗೆ ಫ್ಯಾನ್ ತಿರುಗಿ ಹುಡುಗಿ ಪೂರಾ ಮಾಯ.

ಆಮೇಲೆ ನಮ್ಮ ಬೀದಿ ತುದಿಯ ಕಂಪ್ಯೂಟರ್ ಅಂಗಡಿ. ಅವನು ಏನೇನೋ ತಟ್ಟಿ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ನಾನು ಟೈಪ್ ಮಾಡಿಟ್ಟಿದ್ದ ಎರಡು ಅಂಕಣವೂ ಆ ‘ಎಲ್ಲ’ದಲ್ಲಿ ಸೇರಿತ್ತು. (ನಡುವೆ ಒಂದು ವಾರ ಅಂಕಣ ಇರಲಿಲ್ಲ, ಯಾಕೆ ಅಂತ ಬರೆದು ಕೇಳಿದವರಿಗೆ ಇದೇ ಉತ್ತರ.) ಮಬ್ಬು ಹಾಗೇ ಇತ್ತು. ‘ವಯಸಾಚು ಮೇಡಂ’ ಅಂದ, ನನ್ನ ಮುಖ ನೋಡಿ. ಮೊದಲನೆಯವನು ಇವನು.

ಎರಡನೆಯವರು ಕನ್ನಡಕದ ಅಂಗಡಿಯವರು. ತೊಂದರೆ ನನ್ನ ಕಣ್ಣಿನಲ್ಲೇ ಇರಬಹುದೇ ಅಂತ ಹೋಗಿದ್ದೆ. ನಂಬರ್ ಏರಿದೆ, ಲ್ಯಾಪ್‌ಟಾಪಿಗೂ ವಯಸ್ಸಾಗಿರಬೇಕು ಅಂದರು, ಹೊಸ ಗಾಜು ಹಾಕಿಸಿದೆ. ಬೀದಿಯ ಬೋರ್ಡುಗಳೆಲ್ಲ ಫಳಫಳ ಕಂಡವು. ಲ್ಯಾಪ್‌ಟಾಪ್ ಮಾತ್ರ ಇನ್ನೂ ಸ್ಪಷ್ಟವಾಗಿ ಮಬ್ಬು.

ಮೂರನೆಯವನಿಗಾಗಿ ಕೊಯಮತ್ತೂರಿಗೆ ಬಸ್ ಹತ್ತಿದೆ. ಅಲ್ಲಿ ಗಣಪತಿ ಅನ್ನುವ ಬಡಾವಣೆಯಲ್ಲಿ, ಸಾಲುಸಾಲು ಪಂಪ್‌ಸೆಟ್ ವರ್ಕ್‌ಶಾಪುಗಳ ನಡುವೆ, ಲ್ಯಾಪ್‌ಟಾಪ್ ರಿಪೇರಿಯವನೊಬ್ಬನಿದ್ದಾನೆ ಅಂತ ಯಾರೋ ಹೇಳಿದ್ದರು. ಹಳದಿ ಕೈಚೀಲದಲ್ಲಿ ಟವೆಲ್ ಸುತ್ತಿದ ಲ್ಯಾಪ್‌ಟಾಪ್, ತೊಡೆಯ ಮೇಲೆ ಮಗುವಿನ ಹಾಗೆ. ಒಂದೂವರೆ ಗಂಟೆ ಬಸ್ಸು, ಬೆನ್ನಿಗಂಟಿದ ಸೀರೆ, ಅಕ್ಕಪಕ್ಕ ಕಬ್ಬಿಣ ಕೊರೆಯುವ ಸದ್ದು. ಆ ಸದ್ದಿನಲ್ಲಿ ಅವನು ಸ್ಪೀಕರ್ ಟೆಸ್ಟ್ ಮಾಡಿದ!

ನಾನು ಸ್ಕ್ರೀನಿನ ಮೇಲೆ ಬೆರಳಿಟ್ಟು, ‘ಇಲ್ಲಿ ನೋಡಿ, ಹೇಗೆ ಮಂಕಾಗಿದೆ’ ಅಂದೆ.

‘ಗ್ಲಾಸ್ ಮುಟ್ಟಬೇಡಿ ಮೇಡಂ, ಕೈಗುರುತು ಬೀಳುತ್ತೆ’ ಅಂದ. ಅವನೂ ಮುಟ್ಟಲಿಲ್ಲ. ಒಳಗಿನ ಲ್ಯಾಂಪ್ ಸವೆದಿದೆ, ಈ ಮಾಡೆಲ್‌ಗೆ ಪಾರ್ಟ್ಸ್ ಸಿಗಲ್ಲ, ವಯಸ್ಸಾಯಿತು, ಇನ್ನು ಹೀಗೇ ಅಡ್ಜಸ್ಟ್ ಮಾಡಿಕೊಳ್ಳಿ ಅಂದ.

ಅಡ್ಜಸ್ಟ್! ನಲವತ್ತು ದಾಟಿದ ಹೆಂಗಸಿಗೆ ಡಾಕ್ಟರಿಂದ ಹಿಡಿದು ಟೈಲರ್‌ವರೆಗೆ ಎಲ್ಲರೂ ಬರೆದುಕೊಡುವ ಒಂದೇ ಮದ್ದು.

ಸಂಜೆ ಬಸ್ ಇಳಿದಾಗ ಯಜಮಾನರು ಸ್ಕೂಟರ್ ತಂದು ನಿಂತಿದ್ದರು. ಮನೆ ಮುಂದೆ ಇಳಿದೆ. ಜಗುಲಿಯಲ್ಲಿ ರಂಗಕ್ಕ, ಬನಿಯನ್ ರಾಶಿಯ ನಡುವೆ. ತಲೆ ಎತ್ತಲಿಲ್ಲ. ಮೇಲೆ ಹತ್ತಲು ನನಗೂ ಕಾಲು ಬರಲಿಲ್ಲ, ಅಲ್ಲೇ ಕೂತೆ.

‘ಏನಂದ ಅವ?’ ಅಂದರು.

‘ವಯಸ್ಸಾಯಿತಂತೆ ಅಕ್ಕ.’

‘ಹ್ಞೂಂ. ನಂಗೂ, ಅದುಕ್ಕೂ. ಕೊಡಿಲ್ಲಿ, ನೋಡುವಾ.’

ಮಡಿಸಿಟ್ಟ ಬನಿಯನ್ ಅಟ್ಟಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಹುಡುಗಿಯ ಸಿಡಿ ಹಾಕಿದೆ. ರಂಗಕ್ಕ ಅಕ್ಷರ ನೋಡಲಿಲ್ಲ. ಪರದೆಯ ಮೇಲೆ ಬೆರಳು ಸವರಿದರು. ಮೂಲೆಗೆ ಹೋಗಿ ನಿಂತರು. ಹೆಬ್ಬೆರಳ ಉಗುರಿನಿಂದ ಒಮ್ಮೆ ಕೆರೆದರು.

‘ಇದ್ರ ಕವರ್ ಯಾಕೆ ತೆಗ್ದಿಲ್ಲೆ?’

‘ಯಾವ ಕವರ್?’

‘ಈ ಕವರ್. ದಿನಾ ಐನೂರು ಕವರ್ ಮುಟ್ಟೋ ಕೈ ಇದು. ನನ್ಗೆ ತಿಳಿಯಲ್ವಾ?’

ಉಗುರಿಗೆ ಸಿಕ್ಕ ತುದಿಯನ್ನು ಎಳೆದರು. ಸರ್‍ರನೆ ಒಂದು ಮೂಲೆ ಎದ್ದಿತು. ಅದರಡಿ ಹಾಲಿನಂಥ ಬೆಳಕು.

ಯಜಮಾನರು ಸ್ಕೂಟರ್ ಸ್ಟ್ಯಾಂಡ್ ಹಾಕುವುದನ್ನು ಬಿಟ್ಟು ಓಡಿಬಂದರು. ‘ಬೇಡಕ್ಕ, ಬೇಡಕ್ಕ! ಗೀರು ಬೀಳುತ್ತೆ!’

‘ಬೀಳ್ಲಿ ತಂಬಿ. ಗೀರು ಕಾಣ್ಬೇಕಾದ್ರೂ ಮೊದ್ಲು ಅದು ಕಾಣ್ಬೇಕಲ್ಲ!’

ಪೂರ್ತಿ ಎಳೆದುಬಿಟ್ಟರು. ಆಮೇಲೆ ಕೀಗಳ ಮೇಲ್ಗಡೆ, ಸ್ಪೀಕರಿನ ತೂತುಗಳಿರುವ ಪಟ್ಟಿಗೆ ಉಗುರು ಹಾಕಿದರು. ಅಲ್ಲೂ ಒಂದು ಪ್ಲಾಸ್ಟಿಕ್! ಅಳತೆಗೆ ಕತ್ತರಿಸಿ, ಸುತ್ತ ಕಾಣದ ಹಾಗೆ ಅಂಟುಟೇಪು ಹಾಕಿದ್ದು. ಬನಿಯನ್ ಹಾಕುವ ಅದೇ ಕವರು.

ಅದು ಬಿಟ್ಟುಬಂದದ್ದೇ ತಡ, ‘ದ! ದಸರಾ!’ ಅಂತ ಹುಡುಗಿ ಕಿರುಚಿದಳು. ಸೌಂಡಿನ ಗೆರೆ ತುದಿಯಲ್ಲೇ ಇತ್ತಲ್ಲ. ಎದುರುಮನೆಯವರು ಹೊರಗೆ ಬಂದರು.

ಆ ಹಳೆಯ ಆಫೀಸಿನವನನ್ನು ಬೈಯಲು ಮನಸ್ಸಾಗುತ್ತಿಲ್ಲ. ಹತ್ತಿಯ ಧೂಳು ಹಾರಾಡುವ ಜಾಗ, ಮೆಷಿನ್ ಹಾಳಾಗದಿರಲಿ ಅಂತ ಅಂಟಿಸಿದ್ದಾನೆ. ಬೈಯಬೇಕಾದ್ದು ನಮ್ಮನ್ನು. ಟಿವಿ ರಿಮೋಟಿಗೆ ಕವರು, ಸ್ಕೂಟರ್ ಸೀಟಿಗೆ ಕವರು, ಮಲಗಿ ಮಗ್ಗುಲಾದರೆ ಸದ್ದು ಮಾಡುವ ಹಾಸಿಗೆಯ ಕವರು. ಇಷ್ಟು ಕವರುಗಳ ನಡುವೆ ಇರುವವರಿಗೆ ಇನ್ನೊಂದು ಕವರು ಹೇಗೆ ಕಂಡೀತು? ವಾರಕ್ಕೊಮ್ಮೆ ಮೆತ್ತಗಿನ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದವಳೂ ನಾನೇ. ಅಷ್ಟು ಪ್ರೀತಿಯಿಂದ ಪ್ಲಾಸ್ಟಿಕ್ ಒರೆಸಿದ್ದೆ.

ಅದೂ ಹೋಗಲಿ. ಪೈಪಿನ ಸದ್ದಿನಲ್ಲಿ ನೀರಿನ ಮಟ್ಟ ಹೇಳುವ ಕಿವಿ, ಸೂಜಿಮೊನೆಯ ತೂತು ಹಿಡಿಯುವ ಕಣ್ಣು. ಆ ಕಿವಿಯ ಬಗ್ಗೆ ನಾನೇ ಪೇಪರಿನಲ್ಲಿ ಬರೆದವಳು. ಅಂಥ ರಂಗಕ್ಕ ‘ವಯಸ್ಸಾಯಿತು’ ಅಂದಾಗ ‘ಇರಬಹುದು’ ಅಂತ ಸುಮ್ಮನಾಗಿಬಿಟ್ಟೆನಲ್ಲ? ದಣಿದವರಿಗೆ ಈ ಉತ್ತರ ಬಹಳ ಅನುಕೂಲ. ಮುಂದೆ ಏನೂ ಹುಡುಕಬೇಕಾಗಿಲ್ಲ.

ಪರದೆಯ ಮೇಲೆ ಧ ಬಂತು. ರಂಗಕ್ಕ ಹತ್ತಿರ ಬಗ್ಗಲಿಲ್ಲ. ಕೂತಲ್ಲಿಂದಲೇ ಅಂದರು, ‘ಓ! ಸೀಳಿದೆ!’

ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ, ‘ಅಂದ್ರೆ ನನ್ ತಲೆ ಸರಿಯಾಗೇ ಇದೆ ಅಂತಾಯ್ತಾ?’ ಅಂದರು.

ನಾನು ತಲೆ ಆಡಿಸಿದೆ.

ಇದಾಗಿ ಆರು ವಾರವಾಯಿತು. ಒತ್ತಕ್ಷರ ಇನ್ನೂ ಕೈಕೊಡುತ್ತದೆ, ಉಳಿದದ್ದು ಓಡುತ್ತಿದೆ. ಮೊನ್ನೆ ರಂಗಕ್ಕ ಒಳಗೆ ಹೋಗಿ ಒಂದು ಕವರ್ ತಂದರು. XL ಅಂತ ಚೀಟಿ ಅಂಟಿಸಿದ ಬನಿಯನ್ ಕವರು. ಒಳಗೆ ಪೇಪರು. ಬೀರುವಿನ ಹಲಗೆಗೆ ಹಾಸುತ್ತೀನಿ ಅಂತ ಇಷ್ಟು ವರ್ಷ ನನ್ನಿಂದ ಇಸಕೊಂಡು ಹೋದ ಪೇಪರುಗಳು. ಹಾಸಿರಲಿಲ್ಲ. ಸ್ಟಾಂಪಿನಷ್ಟು ನನ್ನ ಫೋಟೊ ಇರುವ ಪುಟಗಳನ್ನೆಲ್ಲ ಬನಿಯನ್ ಮಡಿಸಿದ ಹಾಗೆ ಮಡಿಸಿ ಇಟ್ಟಿದ್ದರು.

ನಡುವಿನಿಂದ ಒಂದನ್ನು ಎಳೆದು, ಹೆಡ್ಡಿಂಗಿನ ಮೇಲೆ ಬೆರಳಿಟ್ಟರು.

‘ಮೋ... ಟಾ... ರು.’ ತಲೆ ಎತ್ತಿದರು. ‘ಮೋಟಾರಾ ಅಮ್ಮಿಣಿ? ನಮ್ ಮೋಟಾರಾ?’

‘ಕೊಡಿ ಅಕ್ಕ, ನಾನು ಓದಿ ಹೇಳ್ತೀನಿ.’

‘ಬೇಡ. ನಂಗೆ ಅವಸ್ರ ಇಲ್ಲೆ.’

ದಿನಕ್ಕೆ ನಾಲ್ಕು ಸಾಲಿನಂತೆ ಓದುತ್ತಿದ್ದಾರೆ. ಇವತ್ತಿಗೆ ಎರಡನೇ ಪ್ಯಾರಾ ಮುಗಿಯಿತು. ಕಾವೇರಿ ಇರುವುದು ನಾಲ್ಕನೆಯದರಲ್ಲಿ.