ವಕೀಲರ ಊಟದ ಪಾಟೀಸವಾಲು
ಚಿತ್ತಾಪುರದ ವಕೀಲ ಬಸವಂತರಾಯರು ಗೆಳೆಯರೊಂದಿಗೆ ಊಟಕ್ಕೆ ಕುಳಿತರೆ ತುತ್ತಿಗಿಂತ ಪ್ರಶ್ನೆಗಳೇ ಹೆಚ್ಚು. ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಪಕ್ಕದವರತ್ತ ಬಗ್ಗಿ, "ಹೆಂಗದರೀ? ಹುಳಿ ಜಾಸ್ತಿನೋ, ಖಾರ ಜಾಸ್ತಿನೋ?" ಎಂದು ಪಾಟೀಸವಾಲು ಹಾಕುತ್ತಾರೆ. ಒಮ್ಮೆ ಹೋಳಿಗೆಯ ವಿಚಾರಣೆಗೆ ಬೇಸತ್ತು ಬೀಗರೊಬ್ಬರು ಎಲೆ ಬಿಟ್ಟು ಎದ್ದಿದ್ದರಂತೆ. ಈಚೆಗಷ್ಟೇ ಹತ್ತಿದ ಈ ಚಟ ಎಲ್ಲಿಂದ ಬಂತೆಂದು ಹೆಂಡತಿ ಭುವನೇಶ್ವರಿಗೂ ಕುತೂಹಲ. ಮೊನ್ನೆ ಚಂದ್ರಂಪಳ್ಳಿ ಕೆರೆಯ ದಂಡೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿದಾಗ, ಆಕೆ ಉಪ್ಪನ್ನೇ ಹಾಕಲು ಮರೆತ ಬದನೆಕಾಯಿ ಪಲ್ಯವನ್ನು ತಿಂದು ರಾಯರು, "ಉಪ್ಪು ಬರೋಬ್ಬರಿ ಅದ" ಎಂದುಬಿಟ್ಟರು. ಭುವನೇಶ್ವರಿ ಮೆಲ್ಲಗೆ ಕೇಳಿದಳು: "ನಾಲಿಗಿಗಿ ರುಚಿ ಹತ್ತಲ್ಲೇನ್ರಿ?" ರಾಯರು ತಲೆ ತಗ್ಗಿಸಿದರು. "ಈಚಿಗಿ ಜ್ವರ ಬಂತಲ್ಲ, ಆವಾಗಿಂದ ಹತ್ತಲ್ಲ. ನೀ ಮನಸ್ಸಿಗಿ ಹಚ್ಚಿಕೊಳ್ತಿ ಅಂತ ಹೇಳಲಿಲ್ಲ." ಆಕೆ ರಾಯರ ಪಕ್ಕಕ್ಕೆ ಸರಿದು ಕುಳಿತು, ಗೆಳತಿ ತಂದ ಮೊಸರನ್ನು ಬಾಯಿಗೆ ಹಾಕಿಕೊಂಡಳು. "ಕೇಳ್ರಿ. ಮೊದಲ ಸಿಹಿ. ಆಮ್ಯಾಲ ಸ್ವಲ್ಪ ಹೊಗಿ ವಾಸನಿ. ಹಾಲು ಕಟಗಿ ಒಲಿ ಮ್ಯಾಗ ಕಾಸ್ಯಾರ." ರಾಯರು ತಮಗೂ ಒಂದು ಚಮಚ ಮೊಸರು ಹಾಕಿಸಿಕೊಂಡರು.