ಕಂಪಾಸಿಗೆ ಕೊಬ್ಬರಿ ಎಣ್ಣೆ

ನನ್ನ ಗಂಡ ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಸಮುದ್ರದಿಂದ ಅರ್ಧ ಮೈಲಿ ದೂರದ ಮನೆಯಲ್ಲಿ. ಆ ಅರ್ಧ ಮೈಲಿಯನ್ನು ಅವರು ದಾಟಿದ್ದು ಬಹಳ ಕಡಿಮೆ. ಮಾವನವರು ಅಂಚೆ ಕಚೇರಿಯಲ್ಲಿದ್ದವರು. ಮಕ್ಕಳು ನೀರಿಗಿಳಿದರೆಂದು ಗೊತ್ತಾದರೆ ಬೆತ್ತ ಹಿಡಿಯುತ್ತಿದ್ದರಂತೆ. ಆದರೆ ಅಬುಧಾಬಿಯಲ್ಲಿ ಇಂಥ ವಿವರಗಳನ್ನು ಯಾರು ಕೇಳುತ್ತಾರೆ? ಉಡುಪಿ ಕಡೆಯವರು ಎಂದರೆ ಎರಡರಲ್ಲಿ ಒಂದು ಗೊತ್ತಿರಲೇಬೇಕು: ಹೋಟೆಲು, ಇಲ್ಲವೇ ಸಮುದ್ರ. ನನ್ನ ಗಂಡನಿಗೆ ಕಾಫಿ ಮಾಡಲೂ ಬರುವುದಿಲ್ಲವಾದ್ದರಿಂದ ಎಲ್ಲರೂ ಸಮುದ್ರವೇ ಇರಬೇಕೆಂದು ತೀರ್ಮಾನಿಸಿದರು. ಅವರೂ ಬೇಡ ಎನ್ನಲಿಲ್ಲ.

ಹಾಗಾಗಿ, ಅವರ ಆಫೀಸಿನ ಐಟಿ ವಿಭಾಗದಲ್ಲಿದ್ದ ಬೆಂಗಳೂರಿನ ಗೆಳೆಯರೊಬ್ಬರು, ಊರಿಗೆ ಮರಳುತ್ತಿದ್ದ ಯಾರಿಂದಲೋ ಒಂದು ಸಣ್ಣ ಹಳೆಯ ಬೋಟು ಕೊಳ್ಳುವಾಗ ಪಾಲುದಾರರಾಗಿ ಆರಿಸಿದ್ದು ನನ್ನ ಗಂಡನನ್ನು. ಗೆಳೆಯರ ಬಳಿ ಬೋಟು ಓಡಿಸುವ ಲೈಸೆನ್ಸ್ ಇತ್ತು. ನನ್ನ ಗಂಡನ ಬಳಿ ಕರಾವಳಿ ಇತ್ತು. ಬೋಟನ್ನು ಊರಾಚೆಯ ಕೈಗಾರಿಕಾ ಪ್ರದೇಶವಾದ ಮುಸಫ್ಫಾದ ಒಂದು ಯಾರ್ಡಿನಲ್ಲಿ ಟ್ರೈಲರ್ ಮೇಲೆ ನಿಲ್ಲಿಸಿದರು. ಅದು ಅಲ್ಲಿಯೇ ಒಂದು ಬೇಸಿಗೆ ಪೂರ್ತಿ ನಿಂತಿತು.

ಬೇಸಿಗೆ ಮುಗಿದು ನೋಡಿದರೆ ಚುಕ್ಕಾಣಿಯ ಮುಂದಿದ್ದ ಕಂಪಾಸಿನಲ್ಲಿ ಗುಳ್ಳೆ ಬಂದಿತ್ತು. ಬೋಟಿನ ಕಂಪಾಸು ನಾವು ಶಾಲೆಯಲ್ಲಿ ನೋಡಿದ ಡಬ್ಬಿಯಂಥದ್ದಲ್ಲ. ಗಾಜಿನಂಥ ಗುಮ್ಮಟದ ಒಳಗೆ ದ್ರವ ತುಂಬಿರುತ್ತದೆ, ದಿಕ್ಕು ಬರೆದ ಬಿಲ್ಲೆ ಅದರಲ್ಲಿ ತೇಲುತ್ತಿರುತ್ತದೆ. ಅಲೆಗೆ ಬೋಟು ಎಷ್ಟೇ ಕುಣಿದರೂ ಬಿಲ್ಲೆ ಗಾಬರಿಯಾಗದಿರಲಿ ಅಂತ ಈ ವ್ಯವಸ್ಥೆ. ನಮ್ಮದರಲ್ಲಿ ನಿಂಬೆಹಣ್ಣಿನ ಗಾತ್ರದ ಗಾಳಿಗುಳ್ಳೆ ಸೇರಿಕೊಂಡು, ಉತ್ತರದ ಮೇಲೆಯೇ ಬಂದು ಕೂರುತ್ತಿತ್ತು.

ಗೆಳೆಯರು ಅದನ್ನು ಬಿಚ್ಚಿ ನಮ್ಮ ಹಮ್ದಾನ್ ಸ್ಟ್ರೀಟಿನ ಫ್ಲ್ಯಾಟಿಗೆ ತಂದುಕೊಟ್ಟರು. "ಸಾರ್, ನನ್ ಫೋನಲ್ಲಿ ಮೂರ್ ಆ್ಯಪ್ ಇದೆ, ಇದು ಬೇಕೇ ಆಗಲ್ಲ. ಆದ್ರೂ ಬೋಟ್ ಅಂದ್ಮೇಲೆ ಇರ್ಬೇಕಲ್ವಾ? ನಿಮಗಿದೆಲ್ಲ ಗೊತ್ತಿರುತ್ತೆ."

"ಹ್ಞಾ, ಇದೆಂತ ದೊಡ್ಡ ವಿಷಯ ಅಲ್ಲ," ಅಂದರು ನನ್ನ ಗಂಡ.

ಗೆಳೆಯರು ಲಿಫ್ಟ್ ಹತ್ತಿದ ಮೇಲೆ ನಾನು ಕೇಳಿದೆ: "ರೀ, ನಿಮಗೆ ಇದು ಗೊತ್ತಾ?"

"ಗೊತ್ತು ಮಾಡಿಕೊಂಡ್ರೆ ಆಯ್ತಲ್ಲ ಮಾರಾಯ್ತಿ!"

ಮೊದಲು ಮುಸಫ್ಫಾದ ಬೋಟು ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಕಂಪಾಸನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಖಲಾಸ್. ನಯಾ ಲೇ ಲೋ," ಎಂದ. ಎಣ್ಣೆಯಾದರೂ ಸಿಗುತ್ತದೆಯೇ ಎಂದರೆ, ತರಿಸಬೇಕು, ವಾರಗಟ್ಟಲೆ ಆಗುತ್ತದೆ ಎಂದ. ಹೊಸದು ಕೊಳ್ಳುವುದು ಎಲ್ಲ ರೀತಿಯಿಂದಲೂ ಸುಲಭವಾಗಿತ್ತು. ಆದರೆ ಹೊಸದು ಕೊಂಡರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಕಾರಿನಲ್ಲಿ ಕೂರುತ್ತಲೇ ನನ್ನ ಗಂಡ, "ಇವರಿಗೆಲ್ಲ ಬಿಸಾಡುದು ಮಾತ್ರ ಗೊತ್ತು. ನಮ್ಮ ಊರಲ್ಲಿ ಹೀಗೆ ಇಲ್ಲ," ಎಂದರು. ಅವರ ಊರಲ್ಲಿ ಎಷ್ಟು ಕಂಪಾಸು ರಿಪೇರಿಯಾಗಿದ್ದವೋ ನಾನು ಕೇಳಲಿಲ್ಲ.

ಕಂಪಾಸಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಅದೇ ಬಾಯಿ. ಅದನ್ನು ಬಿಚ್ಚಿ ಮೂಸಿದರು. ಕೆಲವಕ್ಕೆ ಸ್ಪಿರಿಟ್, ಕೆಲವಕ್ಕೆ ಎಣ್ಣೆ. ಒಂದಕ್ಕೊಂದು ಬೆರೆಸಿದರೆ ಒಳಗೆಲ್ಲ ಮಂಜು ಕವಿಯುತ್ತದೆಂದು ಅಷ್ಟರಲ್ಲಿ ಇಬ್ಬರೂ ವಿಡಿಯೋ ನೋಡಿ ಕಲಿತಿದ್ದೆವು. ಸೀಮೆಎಣ್ಣೆಯಂಥ ವಾಸನೆ ಬಂತು. ಅಂದರೆ ಎಣ್ಣೆ. ನಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಒಂದು ದೊಡ್ಡ ಸಿರಿಂಜ್ ಕೇಳಿ ತಂದಿದ್ದೆ. ಉಳಿದದ್ದು ಯಾವ ಎಣ್ಣೆ ಎಂಬ ಪ್ರಶ್ನೆ.

"ಮಕ್ಕಳಿಗೆ ಹಚ್ಚೋ ಬೇಬಿ ಆಯಿಲ್ ಹಾಕ್ತಾರಂತೆ. ಆ ವಿಡಿಯೋದಲ್ಲಿ ಒಬ್ಬ ಹೇಳ್ದ," ಅಂದೆ.

ಅವರ ಮುಖ ನೋಡಬೇಕಿತ್ತು. "ಹಡಗಿನ ಸಾಮಾನಿಗೆ ಬೇಬಿ ಆಯಿಲಾ? ಎಂತ ಹೇಳ್ತಿ ನೀನು? ಶುದ್ಧ ತೆಂಗಿನೆಣ್ಣೆ ಉಂಟಲ್ಲ ಮನೇಲಿ, ನೀರಿನ ಹಾಗೆ ತಿಳಿ!"

ಹಳೆಯದನ್ನು ಸುರಿದು, ಅಡುಗೆಮನೆ ಕಟ್ಟೆಯ ಮೇಲೆ ಕೂತು ತೆಂಗಿನೆಣ್ಣೆ ತುಂಬಿದರು. ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕುವುದು, ಮಗುವನ್ನು ತೇಗಿಸುವ ಹಾಗೆ ಮೆಲ್ಲಗೆ ಅಲ್ಲಾಡಿಸುವುದು, ಗಾಳಿ ಬುಳುಕ್ಕನೆ ಹೊರಬಂದ ಮೇಲೆ ಮತ್ತೆ ಹಾಕುವುದು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಮಾಡಿದರು. ಗುಳ್ಳೆ ಪೂರ್ತಿ ಹೋಯಿತು. ಬಿಲ್ಲೆ ಗಂಭೀರವಾಗಿ ತಿರುಗಿ ಮೆಕ್ಕಾದ ಕಡೆಯ ಕಿಬ್ಲಾ, ಕಡಲ ದಂಡೆಯ ಕಾರ್ನಿಶ್ ರಸ್ತೆ, ಎಲ್ಲವೂ ಎಲ್ಲಿರಬೇಕೋ ಅಲ್ಲಿವೆ ಎಂದು ತೋರಿಸಿತು. ನಡುಮನೆಯ ಟೀಪಾಯಿಯ ಮೇಲೆ ಇಟ್ಟು, ಎಂದಿನಂತೆ ಏಸಿಯನ್ನು ಕೊರೆಯುವಷ್ಟು ತಣ್ಣಗೆ ಮಾಡಿ ಮಲಗಿದೆವು.

ಬೆಳಿಗ್ಗೆ ಎದ್ದರೆ ಕಂಪಾಸು ಬೆಳ್ಳಗಾಗಿ, ಹೆಪ್ಪು ಹಾಕಿದ ಮೊಸರಿನಂತೆ ಗಟ್ಟಿಯಾಗಿತ್ತು. ನನ್ನ ಗಂಡ ಅದನ್ನು ಎತ್ತಿಕೊಂಡು ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. ಹೇಗೆ ತಿರುಗಿದರೂ ಮಸುಕಾಗಿ ಕಾಣುತ್ತಿದ್ದ ಉತ್ತರ ಅವರ ಹೊಟ್ಟೆಯ ಕಡೆಗೇ ಇತ್ತು.

ಅದೇ ಹೊತ್ತಿಗೆ ಗೆಳೆಯರು ಬಂದರು. "ಇದೇನ್ ಸಾರ್, ಐಸ್ ಕ್ರೀಮಾ?"

"ಸೆಟ್ ಆಗ್ಲಿಕ್ಕೆ ಇಟ್ಟದ್ದು," ಅಂದರು ನನ್ನ ಗಂಡ.

ನಾನು ಅದನ್ನು ಬಾಲ್ಕನಿಗೆ ತೆಗೆದುಕೊಂಡು ಹೋಗಿ ಬಿಸಿಲಿಗಿಟ್ಟೆ. ಗೆಳೆಯರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಎಣ್ಣೆ ಕರಗಿ, ಬಿಲ್ಲೆ ತನ್ನ ಕೆಲಸಕ್ಕೆ ಮರಳಿತ್ತು. ಸಂಜೆ ಸೂಪರ್ ಮಾರ್ಕೆಟ್ಟಿನಿಂದ ಬೇಬಿ ಆಯಿಲ್ ತಂದವರು ನನ್ನ ಗಂಡನೇ. ಚೀಲದೊಳಗೆ ಅದರ ಮೇಲೆ ಬ್ರೆಡ್ಡು ಇಟ್ಟುಕೊಂಡು ತಂದಿದ್ದರು.

ಬೇಬಿ ಆಯಿಲಿನಿಂದಲೇ ಎರಡು ಸಲ ಒಳಗೆ ತೊಳೆದು, ತುಂಬಿಟ್ಟೆವು. ಮಾರನೆಯ ದಿನ ಕಂಪಾಸಿನ ಕೆಳಗೆ ಎಣ್ಣೆಯ ಉಂಗುರ, ಮೇಲೆ ಪುಟ್ಟ ಗುಳ್ಳೆ. ಆಗ ನಮಗೆ ಹೊಳೆಯಿತು: ನಾವು ತೂತು ಮುಚ್ಚದೆ ಕೊಡ ತುಂಬುತ್ತಿದ್ದೇವೆ. ಹಿಂಭಾಗದ ಸ್ಕ್ರೂಗಳನ್ನು ಬಿಚ್ಚಿದರೆ ತಳದಲ್ಲಿ ಒಂದು ತೆಳ್ಳನೆಯ ರಬ್ಬರ್ ಬಿಲ್ಲೆ. ಸೆಕೆಗೆ ಎಣ್ಣೆ ಉಬ್ಬಿದಾಗ ಅದೂ ಉಬ್ಬಬೇಕು, ತಣ್ಣಗಾದಾಗ ತಗ್ಗಬೇಕು. ಯಾರ್ಡಿನ ಬಿಸಿಲಿಗೆ ಅದು ಹಪ್ಪಳದಂತೆ ಬಿರುಕು ಬಿಟ್ಟಿತ್ತು.

ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ಮುಸಫ್ಫಾಕ್ಕೆ ಹೋದೆವು. ಎಣ್ಣೆ ಬಾವಿಗಳ ಪಂಪುಗಳಿಗೆ ರಬ್ಬರ್ ವಾಷರು ಕತ್ತರಿಸಿ ಕೊಡುವ ವರ್ಕ್‌ಶಾಪ್ ಒಂದಿತ್ತು. ಅಲ್ಲಿಯ ವಾಷರುಗಳು ಲಾರಿಯ ಚಕ್ರದಷ್ಟು ದೊಡ್ಡವು. ನಮ್ಮ ಡಬ್ಬಿ ತೆರೆದಾಗ ಮೇಸ್ತ್ರಿ ಊಟವೇ ಇರಬೇಕೆಂದು ಬಗ್ಗಿ ನೋಡಿ, ಆಮೇಲೆ ನಕ್ಕುಬಿಟ್ಟ. ಎಣ್ಣೆಗೆ ಹಾಳಾಗದ ತೆಳುವಾದ ರಬ್ಬರ್ ಹುಡುಕಲು ಅವನಿಗೂ ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಕತ್ತರಿಸಿದ್ದು ಸಣ್ಣದಾಯಿತು, ಎರಡನೆಯದು ಕೂತಿತು. ಮನೆಗೆ ಬಂದು ಹಾಕಿ, ಎಣ್ಣೆ ತುಂಬಿ, ಒಂದು ವಾರ ಕಾದೆವು. ಉಂಗುರವಿಲ್ಲ, ಗುಳ್ಳೆಯಿಲ್ಲ. ನನ್ನ ಗಂಡ ಅದರ ಫೋಟೋ ತೆಗೆದು ಊರಿನ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಬೇಬಿ ಆಯಿಲಿನ ವಿಷಯ ಅಲ್ಲಿ ಬರೆಯಲಿಲ್ಲ.

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಬೋಟು ಕೊನೆಗೂ ನೀರು ಕಂಡಿತು. ಮೂವರೂ ಲೈಫ್ ಜಾಕೆಟ್ ತೊಟ್ಟು ಹೊರಟೆವು. ಮೈಸೂರಿನವಳಾದ ನಾನು ಸಮುದ್ರದ ಮೇಲೆ ಹೋದದ್ದು ಅದೇ ಮೊದಲು. ಸ್ವಲ್ಪ ದೂರ ಹೋಗುತ್ತಲೇ ಗೆಳೆಯರು, "ಅಕ್ಕಾ, ಕಂಪಾಸ್ ನೋಡಿ! ನಾವು ವಾಪಸ್ ಹೋಗ್ತಾ ಇದೀವಂತೆ!" ಎಂದು ಕೂಗಿದರು. ನೋಡಿದರೆ ಅವರು ಹಾಡು ಹಾಕಿಕೊಂಡಿದ್ದ ಸ್ಪೀಕರು ಕಂಪಾಸಿಗೆ ಅಂಟಿಕೊಂಡೇ ಕೂತಿತ್ತು. ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದಲ್ಲ. ಎತ್ತಿ ಹಿಂದಕ್ಕಿಟ್ಟೆ. ಬಿಲ್ಲೆ ನಿಧಾನವಾಗಿ ಸುತ್ತಿ ಸರಿಯಾದ ಕಡೆ ನಿಂತಿತು.

ಹಾಗೆ ನೋಡಿದರೆ ದಿಕ್ಕು ತಪ್ಪಬೇಕೆಂದರೂ ನಮಗೆ ಸಾಧ್ಯವಿರಲಿಲ್ಲ. ಅಬುಧಾಬಿಯ ಅಷ್ಟೂ ಗೋಪುರಗಳು ಬೆನ್ನ ಹಿಂದೆಯೇ ಸಾಲಾಗಿ ನಿಂತು ನೋಡುತ್ತಿದ್ದವು. ಎಷ್ಟು ಹೋದರೂ ನಮ್ಮ ಕ್ಲಿನಿಕ್ಕಿನ ಹತ್ತಿರದ ಕಟ್ಟಡ ನನಗೆ ಕಾಣುತ್ತಲೇ ಇತ್ತು.

ಎಂಜಿನ್ ನಿಲ್ಲಿಸಿದೊಡನೆ ಬೋಟು ತೊಟ್ಟಿಲಿನಂತೆ ತೂಗತೊಡಗಿತು. ನನ್ನ ಗಂಡನ ಮಾತು ನಿಂತಿತು. ಮುಖ ಬಾಳೆಕಾಯಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಬೋಟಿನ ಅಂಚಿಗೆ ಬಾಗಿದರು, ಬಾಗಿದವರು ಏಳಲಿಲ್ಲ.

"ಸಾರ್, ನಿಮಗಾ?" ಎಂದರು ಗೆಳೆಯರು. ಅವರ ದನಿಯಲ್ಲಿ ಮರುಕಕ್ಕಿಂತ ಆಶ್ಚರ್ಯ ಹೆಚ್ಚಿತ್ತು.

"ಇಲ್ಲಿಯ ಸಮುದ್ರಕ್ಕೆ... ಉಪ್ಪು ಜಾಸ್ತಿ," ಎಂದು ನನ್ನ ಗಂಡ ನೀರಿನ ಕಡೆಯಿಂದಲೇ ಉತ್ತರಿಸಿದರು.

ಅವರು ಆಚೆ ಬೀಳದಂತೆ ಗೆಳೆಯರು ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡು ನಿಂತದ್ದರಿಂದ ಚುಕ್ಕಾಣಿ ನನ್ನ ಕೈಗೆ ಬಂತು. "ನಿಧಾನಕ್ಕೆ ಬಿಡಿ ಅಕ್ಕಾ, ನಾನಿಲ್ಲೇ ಇದೀನಿ," ಎಂದು ಅವರು ಹೇಳಿಕೊಡುತ್ತಿದ್ದರು. ನಾನು ದಕ್ಷಿಣಕ್ಕೆ ಹಿಡಿದೆ. ಗೋಪುರಗಳು ಕಣ್ಣೆದುರೇ ಇದ್ದರೂ ಕಂಪಾಸನ್ನೇ ನೋಡಿಕೊಂಡು ಬಂದೆ. ಅಷ್ಟು ಕಷ್ಟಪಟ್ಟ ಮೇಲೆ ನೋಡದೆ ಹೇಗಿರುವುದು? ಅಲೆ ಬಂದಾಗ ಬೋಟು ಹಾರುತ್ತಿತ್ತು, ಬಿಲ್ಲೆ ಮಾತ್ರ ಒಂದಿಷ್ಟು ಓಲಾಡಿ ಸುಮ್ಮನಾಗುತ್ತಿತ್ತು. ನನಗೆ ವಾಂತಿಯೂ ಬರಲಿಲ್ಲ, ಭಯವೂ ಆಗಲಿಲ್ಲ. ದಡ ಇಷ್ಟು ಬೇಗ ಬಂತಲ್ಲ ಎಂದು ಬೇಸರವಾಯಿತು.

ನೆಲದ ಮೇಲೆ ಕೂತು ಉಪ್ಪು ಹಾಕಿದ ನಿಂಬೆ ಶರಬತ್ತು ಕುಡಿದ ಮೇಲೆ ನನ್ನ ಗಂಡನಿಗೆ ಬಣ್ಣ ಮರಳಿತು. ಮಾತೂ ಮರಳಿತು.

"ಮುಂದಿನ ವಾರ ಇನ್ನೂ ದೂರ ಹೋಗ್ಬೇಕು," ಎಂದರು.

"ನೀವೂ ಬರ್ತೀರಾ?" ಎಂದೆ.

ಅವರು ಶರಬತ್ತಿನ ಲೋಟವನ್ನು ಕೆಳಗಿಟ್ಟು, ಬಹಳ ಜವಾಬ್ದಾರಿಯಿಂದ ಬೋಟಿನ ಕಡೆಗೊಮ್ಮೆ, ಟ್ರೈಲರಿನ ಕಡೆಗೊಮ್ಮೆ ನೋಡಿದರು.

"ಎಲ್ಲರೂ ಹೋದ್ರೆ ಟ್ರೈಲರ್ ಹತ್ರ ಯಾರು ನಿಲ್ಲುದು ಮಾರಾಯ್ತಿ?"